ಕೊನೆಯ ದೋಣಿ ಬರುವ ತನಕ

ನಮ್ಮ ಪಂದ್ಯಕ್ಕೆ ಇದ್ದದ್ದು ಮೂರು ದೋಣಿ, ಮೂರು ಜನ, ಒಂದು ಕೆರೆ. ನಿಯಮಗಳು ಮಾತ್ರ ಹನ್ನೊಂದು. ಹನ್ನೊಂದನ್ನೂ ಬರೆದವನು ನಾನೇ. ಕೊನೆಯದು ಹೀಗಿತ್ತು: ಮೊದಲು ಗುರಿ ತಲುಪಿದವನು, ಕೊನೆಯ ದೋಣಿ ಬಂದು ಮೆಟ್ಟಿಲು ಮುಟ್ಟುವ ತನಕ ನೀರಿನಲ್ಲೇ ಇರಬೇಕು, ದಡಕ್ಕೆ ಇಳಿಯಬಾರದು. ಯಾರ ದೋಣಿಯಾದರೂ ಮಗುಚಿದರೆ ಹತ್ತಿರ ಇನ್ನೊಂದು ದೋಣಿ ಇರಲಿ ಎಂಬುದು ಅದರ ಉದ್ದೇಶ. ಒಳ್ಳೆಯ ನಿಯಮ. ಈಗಲೂ ಒಳ್ಳೆಯದೆಂದೇ ಹೇಳುತ್ತೇನೆ. ಆದರೆ ಎರಡು ವರ್ಷ ಅದನ್ನು ಪಾಲಿಸಿದವನು ನಾನೊಬ್ಬನೇ, ಯಾಕೆಂದರೆ ಪ್ರತಿ ಸಂಜೆ ಮೊದಲು ಬರುತ್ತಿದ್ದವನು ನಾನೇ.

ಮೂಡುಬಿದಿರೆಯಲ್ಲಿ ಹಾಯಿದೋಣಿ ಪಂದ್ಯ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಈ ಊರಿನಲ್ಲಿ ಕೆರೆಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲಿ ದೊಡ್ಡದೊಂದರ ಮೇಲೆ, ಮಳೆಗಾಲ ಕಳೆದು ಸೆಕೆ ಶುರುವಾದ ಮೇಲೆ, ಸಂಜೆ ನಾಲ್ಕೂವರೆಯ ಹೊತ್ತಿಗೆ ಪಡುಗಾಳಿ ಏಳುತ್ತದೆ. ಸಮುದ್ರದಿಂದ ಹೊರಟು ಇಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಅರ್ಧ ಸುಸ್ತಾಗಿರುತ್ತದೆ. ಆದರೂ ಒಬ್ಬ ಕೂತ ಸಣ್ಣ ದೋಣಿಯನ್ನು ಎಳೆದುಕೊಂಡು ಹೋಗುವಷ್ಟು ಕಸುವು ಉಳಿದಿರುತ್ತದೆ. ನಾನು ಅದನ್ನು ಗಮನಿಸಿದ್ದು ಗಲ್ಫಿನಿಂದ ವಾಪಸು ಬಂದ ಮೇಲೆ.

ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ ದೋಣಿ ತೊಳೆಯುವುದು. ಅದೊಂದು ಬಿಳಿಯರ ಕ್ಲಬ್ಬು. ಆಫೀಸು ಬಿಟ್ಟು ಬಂದ ಅವರು ಸಂಜೆ ಹಾಯಿದೋಣಿ ಓಡಿಸಿ ಪಂದ್ಯ ಆಡುತ್ತಿದ್ದರು. ಆಡಿ ಬಂದ ಮೇಲೆ ಉಪ್ಪುನೀರು ತೊಳೆದು, ಹಾಯಿ ಮಡಚಿ, ಹಗ್ಗ ಸುತ್ತಿಡುವುದು ನನ್ನ ಪಾಲು. ಆರು ವರ್ಷ ದೋಣಿಗಳನ್ನು ಮುಟ್ಟಿದ್ದೆ, ಹತ್ತಿರಲಿಲ್ಲ. ಒಂದು ಸಂಜೆ ಗಾಳಿ ಜೋರಾಗಿತ್ತು, ದೋಣಿ ಮಗುಚದಂತೆ ಒಂದು ಬದಿಗೆ ಭಾರ ಹಾಕಲು ಒಬ್ಬ ಬೇಕಾಗಿತ್ತು, ನನ್ನನ್ನು ಹತ್ತಿಸಿದರು. ಅಕ್ಕಿಮೂಟೆ ಸಿಕ್ಕಿದ್ದರೆ ಅದನ್ನೇ ಹತ್ತಿಸುತ್ತಿದ್ದರೇನೋ. ಆಮೇಲೆ ನಿಧಾನಕ್ಕೆ ಚುಕ್ಕಾಣಿಯೂ ಕೈಗೆ ಬಂತು. ನಿಯಮದ ಪುಸ್ತಕವನ್ನು ನಾನು ಬಾಯಿಪಾಠ ಮಾಡಿದೆ. ಅಲ್ಲಿ ನನಗೂ ಅವರಿಗೂ ಒಂದೇ ಥರ ಅನ್ವಯಿಸುತ್ತಿದ್ದದ್ದು ಅದೊಂದೇ. ಬಲಗಡೆಯಿಂದ ಗಾಳಿ ಬರುತ್ತಿರುವ ದೋಣಿಗೆ ಎಡಗಡೆಯಿಂದ ಗಾಳಿ ಬರುತ್ತಿರುವ ದೋಣಿ ದಾರಿ ಬಿಡಬೇಕು ಎಂದರೆ, ಒಳಗೆ ಕೂತವನು ಮ್ಯಾನೇಜರನಾದರೂ ಬಿಡಬೇಕು.

ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನಿಲ್ಲ. ರಜೆಗೆ ಬಂದಾಗಲೆಲ್ಲ ಮುಂದಿನ ರಜೆಗೆ ನೋಡುವ ಎಂದೆ, ಒಂದು ದಿನ ನೋಡುವ ವಯಸ್ಸು ದಾಟಿತ್ತು. ವಾಪಸು ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮನೆಯ ಮಾಳಿಗೆಯನ್ನು ಬಾಡಿಗೆಗೆ ಹಿಡಿದೆ. ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾವಾಗ ವಾಪಸ್ಸು? ಇನ್ನು ಹೋಗುವುದಿಲ್ಲ ಎಂದರೆ ಅವರಿಗೆ ಮುಂದೆ ಮಾತು ಇರುತ್ತಿರಲಿಲ್ಲ. ಸಮಯ ಹೋಗದೆ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗಿ ಒಂದು ಚಾ ಕುಡಿದು ಅದೇ ಬಸ್ಸಿನಲ್ಲಿ ಮರಳಿದ ದಿನಗಳುಂಟು. ಕಂಡಕ್ಟರನಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು. ಒಮ್ಮೆ, ಅಲ್ಲಿ ನಿಮಗೆ ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎನ್ನಲು ನಾಚಿಕೆಯಾಗಿ, ಕೋರ್ಟಿನಲ್ಲಿ ಕೇಸುಂಟು ಎಂದು ಸುಳ್ಳು ಹೇಳಿದೆ.

ನನಗೆ ಊರಲ್ಲಿ ಉಳಿದದ್ದು ಹೈಸ್ಕೂಲಿನ ಬೆಂಚಿನ ಇಬ್ಬರು ಗೆಳೆಯರು. ಒಬ್ಬ ಟೈಲರ್. ಪೇಟೆಯ ಒಳರಸ್ತೆಯಲ್ಲಿ ಅಂಗಡಿ, ಮೇ ತಿಂಗಳು ಬಂತೆಂದರೆ ಶಾಲೆಗಳ ಯೂನಿಫಾರ್ಮಿನ ರಾಶಿಯೊಳಗೆ ಅವನ ತಲೆ ಮಾತ್ರ ಕಾಣುತ್ತದೆ. ಇನ್ನೊಬ್ಬ ಜೈನ. ಒಂದು ಸಣ್ಣ ಬಸದಿಯ ಉಸ್ತುವಾರಿ ಅವರ ಮನೆಯದು. ಬೆಳಿಗ್ಗೆ ಬಾಗಿಲು ತೆಗೆದು, ಪೂಜೆಯ ವ್ಯವಸ್ಥೆ ನೋಡಿ, ಬಂದ ಪ್ರವಾಸಿಗಳಿಗೆ ಚಪ್ಪಲಿ ಹೊರಗಿಡಿ ಎಂದು ಹೇಳುವುದು ಅವನ ದಿನಚರಿ. ಟೈಲರ್ ಮಾತುಗಾರ, ಬಸದಿಯವನು ಹತ್ತು ಮಾತಿಗೆ ಒಂದು ಮಾತು ಮಾತ್ರ. ಹೆಸರು ಬರೆಯುವುದಿಲ್ಲ, ಬರೆದರೆ ಇಬ್ಬರೂ ಜಗಳಕ್ಕೆ ಬರುತ್ತಾರೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೋಣಿಗಳನ್ನು ಪುಂಜಾಲಕಟ್ಟೆಯ ಒಬ್ಬ ಆಚಾರಿಯಿಂದ ಮಾಡಿಸಿದೆ. ಅವರು ಅಷ್ಟು ದಿನ ಬಾಗಿಲು, ದಾರಂದ ಮಾಡಿದವರು. ನನ್ನ ಚಿತ್ರ ನೋಡಿ, ಇದಕ್ಕೆ ಬೀಗ ಎಲ್ಲಿ ಇಡುವುದು ಎಂದು ಕೇಳಿದರು. ನೀರಿಗೆ ತಡೆಯುವ ಪ್ಲೈವುಡ್, ಬಿದಿರಿನ ಕಂಬ. ಹಾಯಿಗೆ ಮಳೆಕೋಟಿನ ಬಟ್ಟೆ, ಹೊಲಿದವನು ಟೈಲರ್. ಅವನ ಹಾಯಿಗೆ ಬಟ್ಟೆ ಒಂದು ಗೇಣು ಕಡಿಮೆ ಬಿದ್ದು, ಅಂಚಿಗೆ ಯಾವುದೋ ಶಾಲೆಯ ಮರೂನ್ ಯೂನಿಫಾರ್ಮಿನ ತುಂಡು ಸೇರಿಸಿದ್ದ. ಇಬ್ಬರಿಗೂ ನಾನೇ ಕಲಿಸಿದೆ. ಎರಡು ಹಳದಿ ಎಣ್ಣೆಕ್ಯಾನುಗಳಿಗೆ ಕಲ್ಲು ಕಟ್ಟಿ ಕೆರೆಯಲ್ಲಿ ತೇಲಿಬಿಟ್ಟೆವು, ಒಂದು ತೂಬಿನ ಹತ್ತಿರ, ಒಂದು ಆಚೆ ದಡದ ಮಾವಿನ ಮರದ ಎದುರು. ಎರಡನ್ನೂ ಸುತ್ತಿ ಮೆಟ್ಟಿಲಿಗೆ ಮರಳಿದರೆ ಒಂದು ಪಂದ್ಯ.

ನಮ್ಮ ಪಂದ್ಯಕ್ಕೆ ಗಡಿಯಾರ ಬೇಕಿರಲಿಲ್ಲ, ಸೂರ್ಯನೇ ಸಾಕು. ಬಸದಿಯವನು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಅವರಲ್ಲಿ ಈಗ ಎಷ್ಟೋ ಜನ ಇದನ್ನು ಬಿಟ್ಟಿದ್ದಾರೆ, ಇವನು ಬಿಟ್ಟಿಲ್ಲ. ಮನೆಗೆ ಹೋಗಿ ಉಣ್ಣಲು ಹೊತ್ತು ಸಾಲದು ಎಂದು ರಾತ್ರಿಯ ಊಟವನ್ನು ಸ್ಟೀಲಿನ ಡಬ್ಬಿಯಲ್ಲಿ ತರುತ್ತಿದ್ದ. ಐದಕ್ಕೆ ದೋಣಿ ಬಿಟ್ಟು ಮುಕ್ಕಾಲು ಗಂಟೆಯಲ್ಲಿ ಮರಳಿದರೆ ಅವನಿಗೆ ಬೇಕಾದಷ್ಟು ಸಮಯ. ಕೆಂಪು ಮುರಕಲ್ಲಿನ ಮೆಟ್ಟಿಲಿನ ಮೇಲೆ ಕಾಲು ತೊಳೆದು ಕೂತು ಅವನು ಚಪಾತಿಯನ್ನೋ ಹೆಸರುಕಾಳಿನ ಪಲ್ಯವನ್ನೋ ಬಿಚ್ಚುತ್ತಿದ್ದ, ನಾನು ಮತ್ತು ಟೈಲರ್ ಫ್ಲಾಸ್ಕಿನ ಚಾ ಕುಡಿಯುತ್ತಿದ್ದೆವು. ಮುಚ್ಚಳದಲ್ಲಿ ನಮಗೂ ಒಂದೊಂದು ತುಂಡು ಸಿಗುತ್ತಿತ್ತು. ಪಂದ್ಯ ನನಗೆ ಇಷ್ಟ, ಆದರೆ ಸತ್ಯ ಹೇಳಬೇಕೆಂದರೆ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದದ್ದು ಈ ಅರ್ಧ ಗಂಟೆಗೆ. ಇಡೀ ದಿನದಲ್ಲಿ ಯಾರಾದರೂ ನನ್ನೊಡನೆ ಕೂತು ತಿನ್ನುತ್ತಿದ್ದದ್ದು ಆಗ ಮಾತ್ರ.

ಎರಡನೆಯ ವರ್ಷ ಅವರಿಬ್ಬರೂ ನಿಧಾನವಾದರು.

ಮೊದಲು ನಾನು ಐದು ನಿಮಿಷ ಮುಂಚೆ ಬರುತ್ತಿದ್ದೆ. ಅದು ಹತ್ತಾಯಿತು, ಇಪ್ಪತ್ತಾಯಿತು. ಹಾಯಿ ಇಳಿಸಿ ಮೆಟ್ಟಿಲಿನಿಂದ ಎರಡು ಮಾರು ದೂರದಲ್ಲಿ ನಿಯಮದ ಪ್ರಕಾರ ಕೂತಿರುತ್ತಿದ್ದೆ. ಆ ಕಡೆ ಅವರ ಎರಡು ಹಾಯಿ ಒಂದಕ್ಕೊಂದು ತಾಗುವಷ್ಟು ಹತ್ತಿರ. ನೀರಿನ ಮೇಲೆ ದನಿ ದೂರ ಬರುತ್ತದೆ, ಮಾತು ಕೇಳಿಸದಿದ್ದರೂ ನಗು ಕೇಳಿಸುತ್ತಿತ್ತು. ಪಂದ್ಯ ಆಡಲು ಬಂದದ್ದಾ, ಪಟ್ಟಾಂಗ ಹೊಡೆಯಲು ಬಂದದ್ದಾ ಎಂದು ನನಗೆ ಸಿಟ್ಟು. ಸಿಟ್ಟು ಎಂದು ಆಗ ಹೇಳಿಕೊಂಡೆ. ಹೊಟ್ಟೆಕಿಚ್ಚು ಅದು. ಮುಂದೆ ಹೋದವನ ಜೊತೆ ಯಾರೂ ಮಾತಾಡುವುದಿಲ್ಲ ಎಂದು ನನಗೆ ಅಷ್ಟು ವಯಸ್ಸಾದರೂ ಹೊಳೆದಿರಲಿಲ್ಲ.

ಟೈಲರ್ ಎರಡು ಸಲ ನನ್ನ ದೋಣಿಗೆ ಅಡ್ಡ ಬಂದು ಗುದ್ದಿದ. ಎರಡೂ ಸಲ ದಾರಿ ನನ್ನದು. ಪಕ್ಕದಲ್ಲೇ ಬರುತ್ತಿದ್ದೇನೆ, ಕಣ್ಣು ಎಲ್ಲಿಟ್ಟಿದ್ದೀ ಎಂದು ಕೂಗಿದೆ. ಅವನು ನಕ್ಕು, ಕಣ್ಣು ಅಂಗಡಿಯಲ್ಲೇ ಉಳಿಯಿತು ಎಂದ. ಹಳದಿ ಕ್ಯಾನನ್ನೂ ಒಮ್ಮೆ ಉಜ್ಜಿಕೊಂಡು ಹೋದ. ಕ್ಯಾನು ಮುಟ್ಟಿದರೆ ಇನ್ನೊಂದು ಸುತ್ತು ಹಾಕಬೇಕೆಂಬುದು ಏಳನೆಯ ನಿಯಮ. ಹಾಕಿಸಿದೆ. ಬಸದಿಯವನೂ ಅವನ ಜೊತೆ ಸುಮ್ಮನೆ ಒಂದು ಸುತ್ತು ಹಾಕಿದ. ಅವರು ಬರುವಾಗ ಸೂರ್ಯ ಮುಳುಗಿದ್ದ.

ಆ ದಿನ ಬಸದಿಯವನು ಡಬ್ಬಿ ಬಿಚ್ಚಲಿಲ್ಲ. ಕಾಲು ತೊಳೆದು, ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿ, ಟೈಲರನ ಜೊತೆ ಮೆಟ್ಟಿಲು ಹತ್ತಿ ಹೋದ. ಮುಂದಿನ ವಾರವೂ ಎರಡು ಸಲ ಹಾಗೆಯೇ ಆಯಿತು. ಅದರ ಮುಂದಿನ ವಾರ ಮೂರು ಸಲ. ನಾನು ಸುಮ್ಮನಿದ್ದೆನೇ? ಇಲ್ಲ. ಹೊಟ್ಟೆ ಕರಗಿಸುವ ವ್ರತವಾ ಎಂದು ತಮಾಷೆ ಮಾಡಿದೆ. ಹಸಿವಾಗುವುದಾದರೆ ದೋಣಿಯನ್ನು ಸ್ವಲ್ಪ ಜೋರಾಗಿ ಓಡಿಸಬಾರದಾ ಎಂದು ಉಪದೇಶವನ್ನೂ ಮಾಡಿದೆ. ಅವನು ಹ್ಞೂಂ ಎಂದ.

ಆಮೇಲೆ ಆ ಸಂಜೆ ಬಂತು. ಗಾಳಿ ಬಹಳ ಕಡಿಮೆಯಿತ್ತು, ಕೆರೆ ಸದ್ದಿಲ್ಲದೆ ಬಿದ್ದಿತ್ತು. ನಾನು ಎಂದಿನ ಹಾಗೆ ಮುಗಿಸಿ ಕಾಯುತ್ತಿದ್ದೆ. ಮಾವಿನ ಮರದ ಕ್ಯಾನಿನ ಕಡೆಯಿಂದ ಬಸದಿಯವನ ದನಿ ಸ್ಪಷ್ಟವಾಗಿ ಕೇಳಿಸಿತು. ಬಲಕ್ಕೆ ಬಾ, ಇನ್ನೂ ಸ್ವಲ್ಪ, ಈಗ ತಿರುಗಿಸು, ಹಾಂ. ಅಷ್ಟೊಂದು ಮಾತು ಅವನ ಬಾಯಿಂದ ನಾನು ಕೇಳಿಯೇ ಇರಲಿಲ್ಲ. ಒಬ್ಬ ಇನ್ನೊಬ್ಬನ ದೋಣಿಯನ್ನು ಬಾಯಿಯಿಂದ ನಡೆಸುತ್ತಿದ್ದಾನೆ. ನಿಯಮ ನಾಲ್ಕು, ಪಂದ್ಯದಲ್ಲಿ ಯಾರೂ ಯಾರ ಸಹಾಯವನ್ನೂ ತೆಗೆದುಕೊಳ್ಳಬಾರದು. ನನ್ನ ಮೈಯೆಲ್ಲ ಉರಿಯಿತು. ಇಷ್ಟು ದಿನ ನನ್ನನ್ನು ಮುಂದೆ ಕಳಿಸಿ ಹಿಂದಿನಿಂದ ಇವರು ಪಂದ್ಯವನ್ನೇ ಹುಡುಗಾಟ ಮಾಡಿದ್ದಾರೆ ಎಂದು ತೋರಿತು.

ಅವರು ಮೆಟ್ಟಿಲು ಮುಟ್ಟುವುದಕ್ಕೂ ಬಿಡದೆ, ಇಬ್ಬರೂ ಪಂದ್ಯದಿಂದ ಹೊರಗೆ ಎಂದೆ. ಇವತ್ತಿನದಷ್ಟೇ ಅಲ್ಲ, ಈ ವರ್ಷದ್ದೇ. ಹೇಳುವಾಗ ನಾನು ಎದ್ದು ನಿಂತಿದ್ದೆ, ದೋಣಿಯಲ್ಲಿ ನಿಲ್ಲಬಾರದು ಎಂಬುದೂ ನನ್ನದೇ ನಿಯಮ. ಟೈಲರ್ ನಾನು ಇರುವ ಕಡೆಗಿಂತ ಸ್ವಲ್ಪ ಆಚೆಗೆ ಮುಖ ಮಾಡಿ, ಆಯ್ತು ಮಾರಾಯ, ನೀನೇ ಗೆದ್ದೆ ಎಂದ. ನನ್ನ ಮುಖ ನೋಡಲು ಅವನಿಗೆ ಇಷ್ಟವಿಲ್ಲ ಎಂದುಕೊಂಡೆ.

ಮರುದಿನ ಇಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಬಹುದಿತ್ತು. ತಪ್ಪು ಮಾಡಿದವರು ಮಾಡಲಿ ಎಂದು ನಾನು ಬಿಗುಮಾನದಲ್ಲಿ ಕೂತೆ. ಹದಿನೈದು ದಿನ ಕಳೆಯಿತು. ಪೇಟೆಗೆ ಹೋಗಬೇಕಾದರೆ ಒಳರಸ್ತೆ ಬಿಟ್ಟು ಸುತ್ತು ಬಳಸಿ ಹೋದೆ. ಮಾಳಿಗೆಯಲ್ಲಿ ಫ್ಲಾಸ್ಕನ್ನು ತೊಳೆದು ಮಗುಚಿಟ್ಟಿದ್ದೆ, ಅದನ್ನು ನೋಡಿದರೆ ಸಂಕಟವಾಗುತ್ತಿತ್ತು. ಒಬ್ಬನಿಗೆ ಚಾ ಮಾಡಲು ಫ್ಲಾಸ್ಕು ಯಾಕೆ? ಸಂಜೆ ಐದಾದರೆ ಕಾಲು ಕೆರೆಯ ಕಡೆಗೆ ಹೊರಡುತ್ತಿತ್ತು, ನಾನು ಅದನ್ನು ಬಸ್‌ಸ್ಟ್ಯಾಂಡಿಗೆ ಎಳೆದುಕೊಂಡು ಹೋಗುತ್ತಿದ್ದೆ. ಒಂದು ಸಂಜೆ ವಿಟ್ಲದವರೆಗೂ ಹೋಗಿ, ಅಡಿಕೆ ಮಂಡಿಗಳ ಎದುರು ನಿಂತು, ಮೂಗಿಗೆ ಅಡಿಕೆಯ ವಾಸನೆ ತುಂಬಿಕೊಂಡು ಬಂದೆ. ಮಾತಾಡಿದ್ದು ಟಿಕೇಟು ಕೇಳಲು ಮಾತ್ರ.

ಕೊನೆಗೆ ಒಂದು ನೆಪ ಸಿಕ್ಕಿತು. ಹಾಯಿಯ ಒಂದು ಮೂಲೆ ಹೊಲಿಗೆ ಬಿಟ್ಟಿತ್ತು. ಅದನ್ನು ಸುತ್ತಿಕೊಂಡು ಟೈಲರನ ಅಂಗಡಿಗೆ ಹೋದೆ. ಅವನು ಮಿಷನ್ನಿನ ಮೇಲೆ ಬಗ್ಗಿ ಹೊಲಿಯುತ್ತಿದ್ದ. ಹೊಲಿಗೆ ಗೆರೆ ಎಳೆದ ಹಾಗೆ ನೇರ. ನಾನು ಅವನ ಬದಿಗೆ, ಒಂದು ಮೊಳ ದೂರದಲ್ಲಿ ನಿಂತೆ. ತಲೆ ಎತ್ತಲಿಲ್ಲ. ಒಂದು ನಿಮಿಷ ನಿಂತೆ, ಎರಡು ನಿಮಿಷ ನಿಂತೆ. ಕಂಡೂ ಕಾಣದ ಹಾಗೆ ಮಾಡುತ್ತಾನಲ್ಲ, ಇಷ್ಟು ಸೊಕ್ಕಾ ಎಂದು ಹಿಂತಿರುಗಲು ಹೋದೆ. ಇಸ್ತ್ರಿಯ ಮೇಜು ಕಾಲಿಗೆ ತಾಗಿ ಸದ್ದಾಯಿತು. ಅವನು ಬೆಚ್ಚಿಬಿದ್ದ. ಕಣ್ಣನ್ನಲ್ಲ, ಕುತ್ತಿಗೆಯನ್ನೇ ಪೂರ್ತಿ ತಿರುಗಿಸಿ, ಮುಖವನ್ನು ನನ್ನ ಎದುರಿಗೆ ತಂದು ನಿಲ್ಲಿಸಿ, ಓ ನೀನಾ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವನ ಕಣ್ಣಿನ ನರ ಒಣಗುತ್ತಿತ್ತು, ಅವನೇ ಹೇಳಿದ. ಒಳಗಿನ ಒತ್ತಡ ಹೆಚ್ಚಾಗಿ ಆಗುವ ರೋಗವಂತೆ, ಮಂಗಳೂರಿನ ಡಾಕ್ಟರು ಹೇಳಿದ್ದರು. ಎದುರಿನದು ಚೆನ್ನಾಗಿ ಕಾಣುತ್ತದೆ, ಸೂಜಿಗೆ ನೂಲು ಈಗಲೂ ಅವನೇ ಪೋಣಿಸುತ್ತಾನೆ. ಬದಿಯದು ಕಾಣುವುದಿಲ್ಲ. ಬಾಗಿಲ ಸಂದಿಯಿಂದ ನೋಡಿದ ಹಾಗೆ, ಅದೂ ದಿನದಿಂದ ದಿನಕ್ಕೆ ಕಿರಿದಾಗುವ ಸಂದಿ. ಹೋದದ್ದು ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಮದ್ದಿನ ಹನಿ ಬಿಡಬೇಕು. ಇದೆಲ್ಲ ತಿಳಿದು ಒಂದು ವರ್ಷವಾಗಿತ್ತು. ಬಸದಿಯವನಿಗೆ ಮೊದಲ ದಿನವೇ ಗೊತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಅವನೇ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಷ್ಟರಲ್ಲಿ ಬಸದಿಯವನು ಅಂಗಡಿಗೆ ಬಂದಿದ್ದ. ಉತ್ತರ ಹೇಳಿದವನು ಅವನು.

"ಹೇಳಿದ್ರೆ ನೀನು ಇವನನ್ನು ದೋಣಿ ಹತ್ತಲಿಕ್ಕೆ ಬಿಡ್ತಿದ್ದೆಯಾ?"

ಬಿಡುತ್ತಿರಲಿಲ್ಲ. ಅದಕ್ಕೊಂದು ಹನ್ನೆರಡನೆಯ ನಿಯಮವನ್ನೇ ಬರೆಯುತ್ತಿದ್ದೆ. ಟೈಲರನಿಗೆ ಆ ಮುಕ್ಕಾಲು ಗಂಟೆ ಬೇಕಿತ್ತು. ಎದುರಿಗೆ ಏನೂ ಇಲ್ಲದ, ತಾಗುವುದಕ್ಕೆ ಮೇಜಾಗಲಿ ಮೂಲೆಯಾಗಲಿ ಇಲ್ಲದ ಜಾಗ ಅವನಿಗೆ ಕೆರೆಯ ನಡುವೆ ಮಾತ್ರ ಇತ್ತು. ಪಕ್ಕದಲ್ಲಿ ಒಂದು ದನಿ ಇದ್ದರೆ ಸಾಕಿತ್ತು. ಆ ದನಿಯಾಗಲು ಬಸದಿಯವನು ಎಷ್ಟೋ ರಾತ್ರಿ ಹಸಿದು ಮಲಗಿದ್ದ. ತಡವಾಗಿ ದಡ ಸೇರಿದ ದಿನ ಅವನ ಊಟ ಮರುದಿನ ಸೂರ್ಯ ಬಂದ ಮೇಲೆಯೇ. ಅಷ್ಟೂ ಸಂಜೆ ನಾನು ಮೆಟ್ಟಿಲ ಹತ್ತಿರ ತೇಲುತ್ತಾ, ಇವರಿಗೆ ಪಂದ್ಯದ ಗಾಂಭೀರ್ಯ ಇಲ್ಲವೆಂದು ಗೊಣಗುತ್ತಿದ್ದೆ. ಅವರು ನನ್ನನ್ನು ಬಿಟ್ಟು ಏನೋ ಸಂತೋಷ ಪಡುತ್ತಿದ್ದಾರೆ ಎಂದುಕೊಂಡಿದ್ದೆನಲ್ಲ, ಅದು ನೆನಪಾಗಿ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ನಾನು ತಪ್ಪಾಯಿತು ಎಂದೆ. ಟೈಲರ್ ನನ್ನ ಹಾಯಿಯನ್ನು ತೆಗೆದುಕೊಂಡು, ಬೆರಳಿನಿಂದ ಅಂಚನ್ನು ತಡವಿ, ಆಗಲೇ ಹೊಲಿದು ಕೊಟ್ಟ. ಪುನಃ ಬನ್ನಿ, ನಿಯಮ ಎಲ್ಲ ತೆಗೆದು ಹಾಕುತ್ತೇನೆ, ಬೇಕಾದರೆ ನೀನು ನನ್ನ ದೋಣಿಯಲ್ಲೇ ಕೂತುಕೋ ಎಂದೆ. ಅದು ಎರಡನೆಯ ತಪ್ಪು. ಭಾರಕ್ಕೆ ಒಬ್ಬನನ್ನು ಹತ್ತಿಸಿದರೆ ಹೇಗಾಗುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ಅವನು ನಕ್ಕು, ಅಂಗಡಿಯಲ್ಲಿ ಕೆಲಸ ಉಂಟು ಎಂದ.

ಅವರು ಬರಲಿಲ್ಲ. ಸಂಜೆ ಹೊತ್ತು ಬಸದಿಯವನು ಬೇಗ ಊಟ ಮುಗಿಸಿ ಟೈಲರನ ಅಂಗಡಿಯಲ್ಲಿ ಕೂರುತ್ತಾನೆ, ಆಮೇಲೆ ಅವನನ್ನು ಮನೆಗೆ ಮುಟ್ಟಿಸುತ್ತಾನೆ ಎಂದು ತಿಳಿಯಿತು. ನಾನೂ ಎರಡು ದಿನ ಹೋಗಿ ಕೂತೆ. ಬೇಡ ಎಂದು ಯಾರೂ ಅನ್ನಲಿಲ್ಲ, ಸ್ಟೂಲನ್ನೂ ಕೊಟ್ಟರು. ಆದರೆ ಅವರಿಬ್ಬರ ನಡುವೆ ಒಂದು ವರ್ಷದ ಮಾತು ಉಂಟು, ನನಗೆ ಅದರ ತಲೆಬುಡ ಗೊತ್ತಿಲ್ಲ. ಮೂರನೆಯ ದಿನ ನಾನು ಒಬ್ಬನೇ ಕೆರೆಗೆ ಹೋದೆ.

ಹೋಗಿ ದೋಣಿ ಬಿಟ್ಟೆ. ಎರಡು ಕ್ಯಾನನ್ನೂ ಸುತ್ತಿದೆ. ಮೆಟ್ಟಿಲ ಹತ್ತಿರ ಬಂದು, ಹಾಯಿ ಇಳಿಸಿ, ಅಭ್ಯಾಸಬಲದಿಂದ ಕಾಯುತ್ತಾ ಕೂತೆ. ನೀರಿನ ಮೇಲೆ ಇನ್ನೊಂದು ದೋಣಿ ಇಲ್ಲ, ಅವರ ಎರಡೂ ದಂಡೆಯ ಶೆಡ್ಡಿನಲ್ಲಿ ಮಗುಚಿಟ್ಟಿವೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇಳಿಯಲು ಆಗಲಿಲ್ಲ. ಇಳಿದರೆ ಇನ್ನು ಯಾರೂ ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಕತ್ತಲಾಗುವ ತನಕ ಕೂತು, ಕಣ್ಣು ಕಾಣದಾದ ಮೇಲೆ ದಡಕ್ಕೆ ಬಂದೆ. ಮರುದಿನವೂ ಹಾಗೆಯೇ ಮಾಡಿದೆ. ಕೆರೆಯ ದಂಡೆಯಲ್ಲಿ ವಾಕಿಂಗ್ ಬರುವವರು ನನ್ನನ್ನು ನೋಡಿ ಪರಸ್ಪರ ಏನೋ ಹೇಳಿಕೊಂಡು ಹೋಗುತ್ತಿದ್ದರು. ಒಂದು ತಿಂಗಳ ಹತ್ತಿರ ಹೀಗೆ ನಡೆಯಿತು. ಇಷ್ಟು ಒಂಟಿ ನಾನು ಗಲ್ಫಿನಲ್ಲೂ ಇರಲಿಲ್ಲ. ಅಲ್ಲಿ ಊರಲ್ಲಿ ಯಾರೋ ಇದ್ದಾರೆ ಎಂದುಕೊಳ್ಳಬಹುದಿತ್ತು.

ಒಂದು ಸಂಜೆ ಹಾಗೆಯೇ ಕೂತಿದ್ದೆ. ಸೂರ್ಯ ಮಾವಿನ ಮರದ ತುದಿಗಿಂತ ಒಂದು ಗೇಣು ಮೇಲಿದ್ದ. ಮೆಟ್ಟಿಲಿನ ಮೇಲೆ ಇಬ್ಬರು ಇಳಿದು ಬರುತ್ತಿದ್ದರು. ಮುಂದೆ ಬಸದಿಯವನು, ಕೈಯಲ್ಲಿ ಡಬ್ಬಿಯ ಚೀಲ, ಅವನ ಭುಜದ ಮೇಲೆ ಹಿಂದಿನವನ ಕೈ. ಕೆಳಗಿನಿಂದ ಮೂರನೆಯ ಮೆಟ್ಟಿಲಿನಲ್ಲಿ ಕೂತರು. ಟೈಲರ್ ಮುಖವನ್ನು ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಿರುಗಿಸುತ್ತಾ ಬಂದ. ನಾನು ಸಿಕ್ಕಿದ ಮೇಲೆ ನಿಲ್ಲಿಸಿದ.

"ಇವತ್ತು ಫಸ್ಟ್ ಬಂದದ್ದು ಯಾರು?" ಎಂದು ಕೇಳಿದ.

ನಾನೇ ಎಂದೆ.

"ಲಾಸ್ಟ್?"

ನಾನು ಹಿಂತಿರುಗಿ ಖಾಲಿ ಕೆರೆಯನ್ನು ನೋಡಿದೆ.

"ಅದೂ ನೀನೇ ಅಲ್ವಾ ಮಾರಾಯ. ಹಾಗಾದ್ರೆ ಕೊನೆಯ ದೋಣಿ ಬಂದಾಯ್ತು. ಇಳಿ ಇನ್ನು, ಇವನಿಗೆ ಊಟಕ್ಕೆ ಹೊತ್ತಾಯ್ತು."

ಹುಟ್ಟು ಹಾಕುವ ಅವಸರಕ್ಕೆ ದೋಣಿ ಎರಡು ಸಲ ಅಡ್ಡ ತಿರುಗಿತು. ಬಸದಿಯವನು ಕಾಲು ತೊಳೆದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ನನ್ನ ಕಾಲು ಮೆಟ್ಟಿಲಿಗೆ ತಾಗಿದ ಮೇಲೆಯೇ ಅವನು ಡಬ್ಬಿಯ ಮುಚ್ಚಳ ತೆಗೆದ.